ಬೊಂಬಾಯಿ ಹಡಗಿಗೆ ಜನ ಹತ್ತಿಸುತ್ತಿದ್ದ ಕಾಲ

ನನ್ನ ತಂಗಿಯ ಮೊಮ್ಮಗಳು ಪ್ರವಾಸ ಏರ್ಪಡಿಸುವ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಮನೆಗೆ ಬಂದವಳು, "ತಾತ, ನೀವೂ ಇದೇ ಕೆಲಸ ಮಾಡ್ತಿದ್ರಂತೆ. ನಿಮ್ಮ ಕಾಲದಲ್ಲಿ ಪ್ಯಾಕೇಜ್ ಹೇಗಿರ್ತಿತ್ತು?" ಅಂದಳು. ನಮ್ಮ ಕಾಲದಲ್ಲಿ ಪ್ಯಾಕೇಜೂ ಇರಲಿಲ್ಲ, ಅದನ್ನು ಕಟ್ಟೋಕೆ ದಾರವೂ ಇರಲಿಲ್ಲ ತಾಯಿ, ಇದ್ದದ್ದು ಹೊಟ್ಟೆಯ ಸಂಕಟ ಒಂದೇ ಅಂದೆ. ಅವಳು ನಕ್ಕಳು. ನಾನೇನೂ ತಮಾಷೆಗೆ ಹೇಳಿದ್ದಲ್ಲ. ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಬೆಳಿಗ್ಗೆ ಕಣ್ಣುಬಿಟ್ಟ ಕೂಡಲೇ ಯಾವುದೋ ಬಸ್ಸು ತಪ್ಪಿಹೋಯಿತು ಅನ್ನಿಸುತ್ತೆ. ಎದ್ದು ಕೂತು, ನಾನು ಎಲ್ಲಿಗೂ ಹೋಗಬೇಕಾಗಿಲ್ಲ ಅಂತ ನೆನಪು ಮಾಡಿಕೊಂಡ ಮೇಲೆಯೇ ಕಾಫಿ ಕೇಳ್ತೀನಿ.

ಅವಳಂಥ ಹುಡುಗ ಹುಡುಗಿಯರಿಗೆ ಅಂತಲೇ ಇದನ್ನು ಬರೀತಿದ್ದೀನಿ. ನನಗೆ ಯಾವಾಗ ಸಂಬಳ ಏರಿತು, ಮೇಜಿನ ಮೇಲೆ ಮ್ಯಾನೇಜರ್ ಅನ್ನೋ ಬೋರ್ಡು ಯಾವಾಗ ಬಂತು, ಯಾರು ಶಾಲು ಹೊದೆಸಿದರು ಅನ್ನೋದೆಲ್ಲ ಇದರಲ್ಲಿ ಸಿಗೋಲ್ಲ. ಆ ಶಾಲನ್ನು ಈಗ ನಮ್ಮ ಮನೆಯ ಟ್ರಂಕು ಧೂಳು ಕೂರದ ಹಾಗೆ ಹೊದ್ದುಕೊಂಡಿದೆ, ಅಷ್ಟು ಸಾಕು.

ನಮ್ಮ ಸಾಹುಕಾರರು ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯವರು. ಹಾಸನದಲ್ಲಿ ನಾಲ್ಕು ಬಸ್ಸು ಇಟ್ಟಿದ್ದರು. ನಾನು ಹೊಳೆನರಸೀಪುರದವನು, ಅವರ ಹಾಸನದ ಆಫೀಸಿನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದೆ. ಐವತ್ತರ ದಶಕ ಅರ್ಧ ಕಳೆದಿತ್ತು. ಸಾಹುಕಾರರು ಮಂಡಿಯ ಮಾಡಿಗೆ ಹೆಂಚು ಕೊಳ್ಳೋಕೆ ಅಂತ ಮಂಗಳೂರಿಗೆ ಹೋದವರು, ಅಲ್ಲಿ ಹೆಂಚಿನ ಜತೆಗೆ ಹಡಗನ್ನೂ ನೋಡಿಕೊಂಡು ಬಂದುಬಿಟ್ಟರು. ಬಂದವರೇ ಕೋಟು ಸಹ ಬಿಚ್ಚಲಿಲ್ಲ. "ಮರಿಯಪ್ಪ, ಆ ಹಡಗು ವಾರಕ್ಕೊಂದು ಸಲ ಬೊಂಬಾಯಿಗೆ ಹೋಗುತ್ತಂತೆ ಕಣಯ್ಯ. ಹೆಂಚು ಹೋಗುತ್ತೆ, ಮೀನು ಹೋಗುತ್ತೆ. ನಮ್ಮ ಜನ ಯಾಕೆ ಹೋಗಬಾರದು?" ಅಂದರು. ಯಾಕೆ ಹೋಗಬಾರದು ಅನ್ನೋದಕ್ಕೆ ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಮುಂದೆ ಬೇಕಾದಷ್ಟು ಸಿಕ್ಕಿತು.

ಏರ್ಪಾಡು ಇಷ್ಟು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನಿಂದ ನಮ್ಮ ಲೈನ್ ಬಸ್ಸುಗಳಲ್ಲಿ ಜನ ಹಾಸನಕ್ಕೆ ಬರೋದು. ಅಲ್ಲಿಂದ ಎಲ್ಲರೂ ಒಂದೇ ಬಸ್ಸಿನಲ್ಲಿ ಘಾಟಿ ಇಳಿದು ಮಂಗಳೂರು. ಆಮೇಲೆ ಹಡಗಿನಲ್ಲಿ ಉತ್ತರಕ್ಕೆ. ದಾರಿಯಲ್ಲಿ ಮಲ್ಪೆಯಲ್ಲಿ ಸರಕು ಹತ್ತಿಸುವಷ್ಟರಲ್ಲಿ ಉಡುಪಿ ದರ್ಶನ, ಕಾರವಾರದಲ್ಲಿ ಇಳಿದು ಸುತ್ತಾಡೋದು. ಗೋವೆ ಆಗ ಪೋರ್ಚುಗೀಸರ ಕೈಲಿತ್ತು, ಅಲ್ಲಿ ಕಾಲಿಡುವ ಹಾಗಿಲ್ಲ. ಬೊಂಬಾಯಿ ನೋಡಿಕೊಂಡು ವಾಪಸ್ಸು ಬರೋದು ಮಾತ್ರ ರೈಲಿನಲ್ಲಿ, ಅರಸೀಕೆರೆಗೆ. ಹಡಗಿನಲ್ಲೇ ಯಾಕೆ ವಾಪಸ್ಸು ಬರಬಾರದು ಅಂತ ಮೊದಲ ಸಲದ ಒಬ್ಬರು ಗಿರಾಕಿ ಕೇಳಿದ್ದರು. ಕಾರವಾರ ದಾಟುವಷ್ಟರಲ್ಲಿ ಅವರೇ ಹಡಗಿನ ಕಂಬಿ ಹಿಡಿದು, ಹೊಳೆನರಸೀಪುರದಿಂದ ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆಯನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ, ರೈಲು ಎಷ್ಟು ಹೊತ್ತಿಗೆ ಅಂತ ವಿಚಾರಿಸುತ್ತಿದ್ದರು.

ಈ ಏರ್ಪಾಡಿನಲ್ಲಿ ನಾನು ನೋಡಿಕೊಳ್ಳಬೇಕಾದ ಗಡಿಯಾರಗಳು ಮೂರು. ಅವು ಒಂದಕ್ಕೊಂದು ಮಾತಾಡುತ್ತಿರಲಿಲ್ಲ. ಮೊದಲನೇದು ಘಾಟಿಯ ಗೇಟು. ಆಗ ರಸ್ತೆ ಕಿರಿದು, ಇಳಿಯೋ ಗಾಡಿಗೊಂದು ಹೊತ್ತು, ಹತ್ತೋ ಗಾಡಿಗೊಂದು ಹೊತ್ತು. ಹೊತ್ತು ತಪ್ಪಿದರೆ ಗೇಟಿನವನು ಕೀಲಿ ಹಾಕಿಕೊಂಡು ಬೀಡಿ ಹಚ್ಚಿಬಿಡೋನು. ಎರಡನೇದು ಸಮುದ್ರದ ಭರತ, ನೀರು ಏರಿ ಬರೋ ಹೊತ್ತು. ದೊಡ್ಡ ಹಡಗು ಮಂಗಳೂರಿನ ದಕ್ಕೆಗೆ, ಅಂದರೆ ಬಂದರಿನ ಕಟ್ಟೆಗೆ, ಬರುತ್ತಿರಲಿಲ್ಲ, ಹೊಳೆ ಸಮುದ್ರ ಸೇರೋ ಅಳಿವೆಯಿಂದ ಆಚೆ ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲೋದು. ಜನರನ್ನು ದೋಣಿಯಲ್ಲಿ ಕೊಂಡೊಯ್ದು ಹತ್ತಿಸಬೇಕು. ನೀರು ಏರಿದಾಗ ಮಾತ್ರ ದೋಣಿ ಅಳಿವೆ ದಾಟುತ್ತೆ.

ಇದು ನಮಗೆ ಎಲ್ಲಿ ಗೊತ್ತಿತ್ತು? ಹೇಮಾವತಿ ನೋಡಿ ಬೆಳೆದ ಜನ ನಾವು. ನೀರು ಅಂದರೆ ಒಂದೇ ಕಡೆ ಹರಿಯುತ್ತೆ ಅಂತ ತಿಳಿದಿದ್ದೆವು. ಮೊದಲನೇ ಪ್ರವಾಸಕ್ಕೆ ಬಸ್ಸಿನ ಟೈಮ್‌ಟೇಬಲ್ ಬರೆಯೋ ಹಾಗೆ, ಊಟವಾದ ಮೇಲೆ ದೋಣಿ ಅಂತ ಬರೆದಿದ್ದೆ. ಊಟ ಮಾಡಿಸಿ ದಕ್ಕೆಗೆ ಕರಕೊಂಡು ಹೋದರೆ ದೋಣಿಗಳೆಲ್ಲ ಕೆಸರಿನಲ್ಲಿ ಮಗ್ಗುಲಾಗಿ ಮಲಗಿವೆ. ಹಡಗಿನ ಏಜೆಂಟರು ಪೈಗಳು ಅಂತ, ಬಹಳ ಸಾಧು ಮನುಷ್ಯ. ನನ್ನ ಮುಖ ನೋಡಿ, "ಸಮುದ್ರಕ್ಕೆ ನಿಮ್ಮ ಹಾಸನದ ಗಡಿಯಾರ ಕಾಣುವುದಿಲ್ಲ ಮಾರಾಯ್ರೆ. ಬರುವ ಮೊದಲು ನನಗೊಂದು ಟ್ರಂಕ್‌ಕಾಲ್ ಮಾಡಬಾರದಿತ್ತಾ?" ಅಂದರು. ಆಮೇಲೆ ಪ್ರತಿ ಸಲವೂ ಮಾಡಿದೆ. ಸಾಹುಕಾರರು ಮಾತ್ರ ಈ ಭರತದ ವಿಷಯವನ್ನು ಕೊನೆಯವರೆಗೂ ಪೂರ್ತಿ ನಂಬಲಿಲ್ಲ. ಏಜೆಂಟರು ದೋಣಿಯವರ ಜತೆ ಸೇರಿಕೊಂಡು ಆಡೋ ಆಟ ಅಂತ ಅವರಿಗೆ ಒಳಗೊಳಗೇ ಅನುಮಾನ.

ಮೂರನೇ ಗಡಿಯಾರ ಪಂಚಾಂಗ. ಉಳಿದೆರಡಕ್ಕಿಂತ ಇದೇ ಗಟ್ಟಿ. ಹಡಗು ಬಿಡೋದು ಬುಧವಾರ ಬೆಳಿಗ್ಗೆ, ದೋಣಿ ಹತ್ತೋದು ಸಾಮಾನ್ಯವಾಗಿ ಮಂಗಳವಾರ. ಮಂಗಳವಾರ, ಬುಧವಾರ ಎರಡು ದಿನವೂ ಉತ್ತರಕ್ಕೆ ವಾರಶೂಲೆ, ಆ ದಿಕ್ಕಿಗೆ ಹೊರಡಬಾರದು. ನಾನು, ಬಸ್ಸು ಹೊರಡೋದು ಪಶ್ಚಿಮಕ್ಕೆ ಅಲ್ಲವಾ ಅಂತ ವಾದ ಮಾಡಿ ನೋಡಿದೆ. "ಹೊರಡೋದು ಯಾವ ಕಡೆಗಾದ್ರೂ ಇರಲಿ, ತಲುಪೋದು ಯಾವ ಕಡೆ ಹೇಳಪ್ಪ" ಅಂತ ಜನ ನನ್ನನ್ನೇ ಸಿಕ್ಕಿಸಿದರು. ಹೊಳೆನರಸೀಪುರದ ಜೋಯಿಸರೊಬ್ಬರು ಪ್ರತಿ ವರ್ಷ ನಮ್ಮ ಜತೆ ಬರುತ್ತಿದ್ದರು, ಜನರಿಗೆ ಧೈರ್ಯ ಅಂತ ಸಾಹುಕಾರರೇ ಕರಕೊಂಡು ಹೋಗುತ್ತಿದ್ದರು. ಅವರು ದಾರಿ ತೋರಿಸಿದರು. ಸೋಮವಾರವೇ ಪ್ರಸ್ಥಾನ ಇಟ್ಟುಬಿಡಿ ಅಂದರು.

ಈಗಿನವರಿಗೆ ಪ್ರಸ್ಥಾನ ಗೊತ್ತಿಲ್ಲ. ಹೊರಡೋ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚಿನ ಒಳ್ಳೇ ದಿನ ನೋಡಿ, ಒಂದು ಬಟ್ಟೆಯಲ್ಲಿ ಹಿಡಿ ಅಕ್ಕಿ, ಅಡಿಕೆ, ಅರಿಶಿನದ ಕೊಂಬು ಕಟ್ಟಿ, ಹೋಗೋ ದಾರಿಯಲ್ಲಿರುವ ನೆಂಟರ ಮನೆಯಲ್ಲಿ ಇಟ್ಟು ಬರೋದು. ಅಲ್ಲಿಗೆ ನೀವು ಹೊರಟಂತೆಯೇ ಲೆಕ್ಕ. ಆಮೇಲೆ ಯಾವ ದಿನ ಹೊರಟರೂ ದೋಷವಿಲ್ಲ, ಹೋಗುವಾಗ ಆ ಗಂಟು ಎತ್ತಿಕೊಂಡು ಹೋಗಬೇಕು. ಇಟ್ಟವರೇ ಎತ್ತಬೇಕು, ಬೇರೆಯವರು ಮುಟ್ಟಬಾರದು. ಬಿಟ್ಟು ಹೋಗಬಾರದು. ಪ್ರಯಾಣ ಮುಗಿಯೋವರೆಗೂ ಅದು ಇಟ್ಟವರ ಮನೆಯ ಹೊಸ್ತಿಲು ದಾಟಿ ಒಳಗೆ ಬರಬಾರದು.

ಅಬ್ಬ, ಎಷ್ಟು ಸಲೀಸು ಅಂದುಕೊಂಡೆ. ಮುಂದಿನ ಪ್ರವಾಸದ ದಿನ ನೋಡಿ ಮಜಾ. ಬಸ್ಸು ಪ್ರತಿ ಬೀದಿಯಲ್ಲೂ ನಿಲ್ಲೋಕೆ ಶುರುವಾಯಿತು. ಒಬ್ಬರ ಗಂಟು ಚಿಕ್ಕಪ್ಪನ ಮನೆಯಲ್ಲಿ, ಒಬ್ಬರದು ಬೀಗರ ಮನೆಯಲ್ಲಿ. ರುದ್ರಪಟ್ಟಣದ ವಿದ್ವಾಂಸರೊಬ್ಬರು ಅಕ್ಕಿಯ ಗಂಟಿನ ಬದಲು ಮೃದಂಗವನ್ನೇ ಇಟ್ಟಿದ್ದರು. ಗಂಟು ಎತ್ತಿಕೊಳ್ಳೋಕೆ ಇಳಿದವರು ಹಾಗೇ ಬರುತ್ತಾರಾ? ಕಾಫಿ ಆಗಬೇಕು, ಕುಂಕುಮ ಆಗಬೇಕು. ಆ ಸಲ ಘಾಟಿಯ ಗೇಟಿನವನು ನನ್ನ ಕಣ್ಣೆದುರಿಗೇ ಕೀಲಿ ಹಾಕಿದ. ಮಾರನೇ ಬೆಳಿಗ್ಗೆ ಪೈಗಳು ಕ್ಯಾಪ್ಟನ್ನಿಗೆ ಕೈಮುಗಿದು ಹಡಗು ನಿಲ್ಲಿಸಿಕೊಂಡಿದ್ದರಿಂದ ನನ್ನ ಕೆಲಸ ಉಳಿಯಿತು. ಸಾಹುಕಾರರು ಆಫೀಸಿನ ಬಾಗಿಲಲ್ಲೇ ನಿಂತು, ಬೀದಿಗೆಲ್ಲ ಕೇಳೋ ಹಾಗೆ ಬೈದರು. ಇನ್ನೊಂದು ಸಲ ಹೀಗಾದರೆ ನೀನು ಹೋಗಿ ಕೊಬ್ಬರಿ ಒಡಿ ಅಂದರು. ಆಮೇಲಿಂದ ನಾನು ಕಟ್ಟುನಿಟ್ಟು ಮಾಡಿದೆ. ಗಂಟು ಎತ್ತಿಕೊಂಡೇ ಬಸ್ ಸ್ಟ್ಯಾಂಡಿಗೆ ಬರಬೇಕು, ಊರು ಬಿಟ್ಟ ಮೇಲೆ ಬಸ್ಸು ಎಲ್ಲೂ ನಿಲ್ಲೋಲ್ಲ. ನಮ್ಮ ಡ್ರೈವರ್ ಬಷೀರ್ ಸಾಬ್ ಒಂದು ಮಾತು ಹೇಳಿದರೆ ಅದನ್ನು ಹಿಡಿದೇ ಹಿಡಿಯುವ ಮನುಷ್ಯ. ಯಾರು ಅಡ್ಡ ಬಂದರೂ ನಿಲ್ಲಿಸಬೇಡಿ ಅಂದಿದ್ದೆ.

ಅದರ ಮುಂದಿನ ವರ್ಷ ಮಳೆಗಾಲ ಕಳೆದು ಹಡಗು ಶುರುವಾದಾಗ ಜವರೇಗೌಡರು ಆಫೀಸಿಗೆ ಬಂದರು. ಅರಕಲಗೂಡಿನ ಆಚೆ, ಕೊಣನೂರಿನ ಕಡೆಯ ಹಳ್ಳಿಯವರು. ಹೆಗಲ ಮೇಲೆ ಅಂಚಿಗೆ ಕೆಂಪು ಗೀರಿನ ಟವಲ್ಲು. ಅವರ ಹಿಂದೆ ಸೊಸೆ ಲಚ್ಚಮ್ಮ, ಅವಳ ಕಂಕುಳಲ್ಲಿ ಇನ್ನೂ ನಡೆಯೋಕೆ ಬಾರದ ಗಂಡು ಕೂಸು. ಗೌಡರಿಗೆ ಒಬ್ಬನೇ ಮಗ, ಸಣ್ಣೇಗೌಡ, ಮಿಲಿಟರಿಯಲ್ಲಿದ್ದ. ಕೂಸು ಹುಟ್ಟಿದ ಮೇಲೆ ಅವನಿಗೆ ರಜೆಯೇ ಸಿಕ್ಕಿರಲಿಲ್ಲ. ಈಗ ಅವನ ಪಲ್ಟನ್ನನ್ನು ಸಮುದ್ರದಾಚೆ ಈಜಿಪ್ಟಿನ ಮಗ್ಗುಲಿನ ಮರಳುಗಾಡಿಗೆ ಕಾವಲಿಗೆ ಅಂತ ಕಳಿಸುತ್ತಿದ್ದರು. ಬೊಂಬಾಯಿಯಿಂದ ಶನಿವಾರ ಹಡಗು ಅಂತ, ರಜೆ ಮುಗಿಸಿ ಹೊರಟ ಅದೇ ಪಲ್ಟನ್ನಿನ ಹುಡುಗನೊಬ್ಬ ಬಂದು ಹೇಳಿ ಹೋಗಿದ್ದ.

"ನಾವು ಆಸ್ನದಿಂದ ಆಚಿಕ್ಕೆ ಕಾಲಿಟ್ಟೋರಲ್ಲ ಸಾ. ರೈಲು ಬದ್ಲಾಯ್ಸ್‌ಬೇಕು ಅಂತಾರೆ, ನಮ್ಗೆ ಆ ಬಾಸೆ ಬರಾಕಿಲ್ಲ. ನಿಮ್ ಜನದ್ ಜೊತೆ ಕರ್ಕಂಡೋಗ್ಬುಡಿ. ಅವ್ನು ಓಗೋದ್ರೊಳ್ಗೆ ಒಂದ್ಸಲ ಕೂಸಿನ್ ಮೊಕ ನೋಡ್ಲಿ" ಅಂದರು ಗೌಡರು.

ನಾನು ಲೆಕ್ಕ ಹಾಕಿದೆ. ಬುಧವಾರ ಹಡಗು, ಶುಕ್ರವಾರ ಮಧ್ಯಾಹ್ನ ಬೊಂಬಾಯಿ. ಶನಿವಾರಕ್ಕೆ ಬೇಕಾದಷ್ಟು ಹೊತ್ತಿದೆ, ಬನ್ನಿ, ನಾನೇ ಕರಕೊಂಡು ಹೋಗಿ ತೋರಿಸ್ತೀನಿ ಅಂದೆ. ಹೇಳಿದ ಮೇಲೆ ಯೋಚನೆ ಹತ್ತಿತು. ಯಾತ್ರೆಗೆ ಬರುವವರಿಗೆ ಒಂದು ಗುಡಿ ತಪ್ಪಿದರೆ ಬೈದುಕೊಂಡು ಇನ್ನೊಂದು ಗುಡಿ ನೋಡ್ತಾರೆ. ಇವರಿಗೆ ತಪ್ಪಿದರೆ ಏನು ತೋರಿಸೋದು? ಪೈಗಳಿಗೆ ಆ ವಾರ ಎರಡೆರಡು ಸಲ ಟ್ರಂಕ್‌ಕಾಲ್ ಮಾಡಿದೆ. ಮಂಗಳವಾರ ಸಂಜೆ ಭರತ, ಹೊತ್ತು ಮುಳುಗುವುದರೊಳಗೆ ಎಲ್ಲರೂ ಹಡಗಿನಲ್ಲಿರಬೇಕು ಅಂದರು. ಬಷೀರ್ ಸಾಬರನ್ನು ಕರೆದು, ಈ ಸಲ ಅರಕಲಗೂಡಿನ ಬಸ್ಸು ನೀವೇ ತನ್ನಿ, ಒಂದು ನಿಮಿಷ ಆಚೀಚೆ ಆಗಬಾರದು ಅಂದೆ.

ಆವತ್ತು ಬಸ್ಸು ಸರಿಯಾದ ಹೊತ್ತಿಗೇ ಬಂತು. ಚನ್ನರಾಯಪಟ್ಟಣದ್ದೂ ಬಂದಿತ್ತು, ಹೊಳೆನರಸೀಪುರದ್ದೂ ಬಂದಿತ್ತು. ನಾನು ಇನ್ನೇನು ಉಸಿರು ಬಿಡಬೇಕು, ಜವರೇಗೌಡರು ಅರಕಲಗೂಡಿನ ಬಸ್ಸಿನಿಂದ ಇಳಿದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಹೆಗಲ ಮೇಲೆ ಟವಲ್ಲೂ ಇರಲಿಲ್ಲ.

"ಪರಸ್ತಾನ ಬಿಟ್‌ಬಂದೆ ಸಾ" ಅಂದರು.

ಆಗಿದ್ದಿಷ್ಟು. ಗೌಡರು ಸೋಮವಾರ ತಮ್ಮ ಟವಲ್ಲಿನಲ್ಲಿ ಅಕ್ಕಿ ಕಟ್ಟಿ ತಂಗಿಯ ಮನೆಯಲ್ಲಿ ಇಟ್ಟಿದ್ದರು. ತಂಗಿಯ ಮನೆ ಅರಕಲಗೂಡಿನ ಬಸ್ ಸ್ಟ್ಯಾಂಡಿನಿಂದ ಮುಂದೆ, ಹಾಸನದ ರಸ್ತೆಯ ಮೇಲೆಯೇ ಇದೆ. ಬಸ್ಸು ಹೇಗೂ ಆ ಬಾಗಿಲ ಮುಂದೆಯೇ ಹೋಗುತ್ತಲ್ಲ, ಅಲ್ಲಿ ಒಂದು ಗಳಿಗೆ ಇಳಿದು ಎತ್ತಿಕೊಂಡರಾಯಿತು ಅಂದುಕೊಂಡಿದ್ದರು. ತಂಗಿ ಬಾಗಿಲಲ್ಲೇ ನಿಂತಿದ್ದಳಂತೆ. ಗಂಟು ಅವಳ ಹಿಂದೆಯೇ ಹೊಸ್ತಿಲಿನ ಒಳಗೆ ಇತ್ತಂತೆ. ಅವಳಾದರೂ ಎತ್ತಿ ಕಿಟಕಿಯಲ್ಲಿ ಕೊಡಬಹುದಿತ್ತು, ಆದರೆ ಇಟ್ಟವರಲ್ಲದೆ ಬೇರೆಯವರು ಮುಟ್ಟೋ ಹಾಗಿಲ್ಲವಲ್ಲ. ಗೌಡರು ಕೂಗಿಕೊಂಡರು. ಬಷೀರ್ ಸಾಬರು ನಿಲ್ಲಿಸಲಿಲ್ಲ. ಎಲ್ಲರೂ ಕೂಗೋದು ಅವರಿಗೆ ಅಭ್ಯಾಸ. ತಂಗಿ ಸ್ವಲ್ಪ ದೂರ ಬರಿಗೈಲಿ ಬಸ್ಸಿನ ಹಿಂದೆ ಓಡಿ ನಿಂತುಕೊಂಡಳಂತೆ.

"ಬಸ್ ತಿರುಗ್ಸಿ ಸಾ" ಅಂದರು ಗೌಡರು.

ಅರಕಲಗೂಡಿಗೆ ಹೋಗಿ ಬರೋಷ್ಟರಲ್ಲಿ ಘಾಟಿಯ ಗೇಟು ಬಿದ್ದಿರುತ್ತೆ. ಗೇಟು ತಪ್ಪಿದರೆ ಭರತ ತಪ್ಪಿತು, ಭರತ ತಪ್ಪಿದರೆ ಹಡಗು. ಕಾರು ಮಾಡಿದರೂ ಅಷ್ಟೇ. ನಾನು ಹೇಳಿದೆ, ಸಾಹುಕಾರರೂ ಮೆಟ್ಟಿಲಿಳಿದು ಬಂದು ಹೇಳಿದರು, ಅವತ್ತು ಅವರು ಬೈಯಲಿಲ್ಲ. ಜೋಯಿಸರು ಮುಂದೆ ಬಂದು, "ಗೌಡ್ರೇ, ಬಿಟ್ಟು ಬಂದಿದ್ದಕ್ಕೆ ಪರಿಹಾರ ಇದೆ. ಮಂಗಳೂರಲ್ಲಿ ಒಂದು ತೆಂಗಿನಕಾಯಿ ಒಡೆದು ಕೈಮುಗಿದರೆ ಮುಗೀತು" ಅಂದರು.

ಗೌಡರು ಅವರನ್ನು ನೋಡಿದರು. "ನಿಮ್ ಮಗ ಓಗ್ತಿದ್ರೆ ಒಪ್ತಿದ್ರಾ ಸೋಮಿ?"

ಜೋಯಿಸರು ಹಿಂದಕ್ಕೆ ಸರಿದು ಬಸ್ಸು ಹತ್ತಿದರು. ನಾನು ಪಂಚಾಂಗದ ಜತೆ ಅಷ್ಟು ಜಗಳವಾಡಿದವನು, ಅವತ್ತು ವಾದಕ್ಕೆ ಇಳಿಯಲಿಲ್ಲ. ಗೌಡರು ಆ ಗಂಟು ಇಟ್ಟಿದ್ದು ತಮ್ಮ ಪ್ರಯಾಣಕ್ಕಲ್ಲ, ಮಗನದಕ್ಕೆ. ಸಮುದ್ರ ದಾಟುವವನು ಅವನು. ಗಂಟು ಬಿಟ್ಟು ಹೋದರೆ ಹೋದವನು ವಾಪಸ್ಸು ಬರೋಲ್ಲ ಅನ್ನೋದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

"ಇಳಿಯವ್ವ ಲಚ್ಚಿ" ಅಂದರು, ಆಗಲೇ ಮಂಗಳೂರಿನ ಬಸ್ಸು ಹತ್ತಿ ಕೂತಿದ್ದ ಸೊಸೆಯ ಕಿಟಕಿಯ ಹತ್ತಿರ ಹೋಗಿ.

ಲಚ್ಚಮ್ಮ ಅಲ್ಲಿವರೆಗೂ ನನ್ನ ಹತ್ತಿರ ಒಂದು ಮಾತೂ ಆಡಿದವಳಲ್ಲ. ಮಾವನೆದುರಿಗೆ ಸೆರಗು ತೆಗೆಯದ ಹುಡುಗಿ. ಅವಳು ಎದ್ದೇಳಲಿಲ್ಲ. "ನಾ ಇಳಿಯಾಕಿಲ್ಲ ಮಾವ" ಅಂದಳು. ಕೂಸನ್ನು ಇನ್ನೊಂದು ತೊಡೆಗೆ ಸರಿಸಿಕೊಂಡಳು. "ಅವ್ರು ಕೂಸ್ನ ನೋಡೇ ಇಲ್ಲ. ನೀವು ಬೈದ್ರೂ ಸರಿ, ವಡುದ್ರೂ ಸರಿ, ನಾ ಇಳಿಯಾಕಿಲ್ಲ."

ನಾನು ಗಡಿಯಾರ ನೋಡಿದೆ. ನೋಡಬಾರದಿತ್ತು, ಗೌಡರು ಅದನ್ನು ಕಂಡರು. ಹಿಡಿದಿದ್ದ ಕಿಟಕಿಯ ಕಂಬಿ ಬಿಟ್ಟರು. ಆಮೇಲೆ ಬಗಲಲ್ಲಿದ್ದ ಚೀಲ ಎತ್ತಿ ಅವಳ ಕೈಗೆ ಕೊಟ್ಟರು. "ಇದ್ರಾಗೆ ಹುರಿಗಾಳೈತೆ, ಅವ್ನಿಗೆ ಕೊಡು. ನೀವು ಓಗಿ, ನಾ ಗಂಟು ತಕಂಡು ಇಂದ್ಲೇ ಬತ್ತೀನಿ" ಅಂದರು. ನನ್ನ ಕಡೆ ತಿರುಗಿ, "ಸಾ, ಇವ್ಳುನ್ನ ನಿಮ್ ಮಡ್ಲಿಗಾಕಿವ್ನಿ" ಅಂದು, ಅರಕಲಗೂಡಿನ ಬಸ್ಸು ಯಾವುದು ಅಂತ ಹುಡುಕಿಕೊಂಡು ಹೊರಟುಬಿಟ್ಟರು. ಹಿಂದಲೇ ಬರೋಕಾಗಲ್ಲ ಅಂತ ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು ಅಂತ ಸಕಲೇಶಪುರ ದಾಟಿದ ಮೇಲೆ ನನಗೆ ಹೊಳೆಯಿತು.

ಗೇಟು ಸಿಕ್ಕಿತು, ಭರತವೂ ಸಿಕ್ಕಿತು. ದೋಣಿಯಲ್ಲಿ ಲಚ್ಚಮ್ಮ ದಂಡೆಯ ಕಡೆಗೇ ಮುಖ ಮಾಡಿ ಕೂತಿದ್ದಳು. ಹಡಗಿನಲ್ಲಿ ಎಲ್ಲರಿಗೂ ಹೊಟ್ಟೆ ತೊಳೆಸಿ ಮಲಗಿದ್ದಾಗ ಅವಳೊಬ್ಬಳು ಡೆಕ್ಕಿನ ಮೂಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗಟ್ಟಿಯಾಗಿದ್ದಳು. ಜೋಯಿಸರು ತಮಗೆ ತಲೆ ಎತ್ತಲಾಗದಿದ್ದರೂ ಆಗಾಗ, "ಮಗೂಗೆ ಹಾಲು ಸಿಕ್ತೇನಮ್ಮ?" ಅಂತ ಮಲಗಿದ್ದಲ್ಲಿಂದಲೇ ಕೇಳುತ್ತಿದ್ದರು.

ಮಲ್ಪೆಯಲ್ಲಿ ನಾನು, ಉಡುಪಿಗೆ ಹೋಗೋರು ಹೋಗಿ, ಸೀಟಿ ಹೊಡೆದಾಗ ಇಲ್ಲದಿದ್ದರೆ ಅಲ್ಲೇ ಮಠದಲ್ಲಿ ಇದ್ದುಬಿಡಿ ಅಂದೆ. ಪುಣ್ಯಕ್ಕೆ ಎಲ್ಲರೂ ಬಂದರು. ಕೈಕೊಟ್ಟದ್ದು ಕಾ‌ರವಾರ. ನಮ್ಮ ಜನ ಸುತ್ತಾಡಿಕೊಂಡು ಬಂದಾಯಿತು, ಕಾಫಿ ಕುಡಿದದ್ದಾಯಿತು, ಹಡಗು ಅಲ್ಲಾಡಲಿಲ್ಲ. ಸರಕಿನ ದೋಣಿ ಬರಬೇಕು ಅಂದರು. ಬಂತು. ಇನ್ನೊಂದು ಬರಬೇಕು ಅಂದರು. ನಾನು ಹಡಗಿನ ಆಫೀಸರನ ಹಿಂದೆ ಅತ್ತಿಂದಿತ್ತ ತಿರುಗಿ, ನನಗೆ ಬಂದ ಹರಕು ಹಿಂದಿಯಲ್ಲಿ ಸೋಲ್ಜರ್, ಬೇಬಿ, ಸ್ಯಾಟರ್ಡೇ ಅಂತ ಕೈಸನ್ನೆ ಮಾಡಿ ಹೇಳಿದೆ. ಅವನು ಪಾಪ, ಅರ್ಥ ಮಾಡಿಕೊಂಡ. ಆದರೆ ಅವನ ಕೈಲೇನಿತ್ತು? ಲಚ್ಚಮ್ಮ ನನ್ನನ್ನು ಒಂದೇ ಒಂದು ಸಲ ಕೇಳಿದಳು, "ಸಿಕ್ತಾರಾ ಸಾ?" ಅಂತ. ಸಿಕ್ತಾರಮ್ಮ ಅಂದೆ. ಆಮೇಲೆ ಅವಳ ಕಣ್ಣಿಗೆ ಬೀಳದ ಹಾಗೆ ಹಡಗಿನ ಇನ್ನೊಂದು ಮಗ್ಗುಲಿಗೆ ಹೋಗಿ ನಿಂತೆ.

ಶುಕ್ರವಾರ ಮಧ್ಯಾಹ್ನ ಮುಟ್ಟಬೇಕಾದ ಹಡಗು ದೀಪ ಹಚ್ಚೋ ಹೊತ್ತು ಕಳೆದು ಬೊಂಬಾಯಿ ಮುಟ್ಟಿತು. ಜನರನ್ನೆಲ್ಲ ಜೋಯಿಸರಿಗೆ ಒಪ್ಪಿಸಿ ಛತ್ರಕ್ಕೆ ಕಳಿಸಿದೆ. ಶನಿವಾರ ಬೆಳಕು ಹರಿಯುವ ಮುಂಚೆ ಲಚ್ಚಮ್ಮನನ್ನೂ ಕೂಸನ್ನೂ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಮಿಲಿಟರಿ ಹಡಗು ನಿಲ್ಲುವ ಬಂದರು ಕಟ್ಟೆಗೆ ಹೋದೆ. ಗೇಟಿನ ಹೊರಗೆ ನಮ್ಮಂತೆಯೇ ಹೆಂಗಸರು ಮಕ್ಕಳು, ಪಂಜಾಬಿನವರು, ಮದ್ರಾಸಿನವರು. ಕಾವಲಿನವನು ಯಾರನ್ನೂ ಒಳಗೆ ಬಿಡಲಿಲ್ಲ, ಸಿಪಾಯಿಗಳನ್ನೇ ಹೆಸರು ಕೂಗಿ ಒಬ್ಬೊಬ್ಬರಾಗಿ ಹೊರಗೆ ಕಳಿಸುತ್ತಿದ್ದ. ಬಿಸಿಲು ಏರಿತು. ಒಳಗೆ ಬ್ಯಾಂಡು ಬಾರಿಸೋಕೆ ಶುರುವಾಯಿತು. ಸಣ್ಣೇಗೌಡ ಅನ್ನೋದನ್ನು ಅವನು ಹೇಗೆ ಕೂಗಿದನೋ, ನಮಗೆ ತಿಳಿಯಲೇ ಇಲ್ಲ. ಎತ್ತರದ ಹುಡುಗನೊಬ್ಬ ಟೋಪಿ ಕೈಲಿ ಹಿಡಿದು ಓಡಿಬಂದಾಗ ಲಚ್ಚಮ್ಮ ಎದ್ದು ನಿಂತಳು, ಆಗ ತಿಳಿಯಿತು.

ಅವನು ಕೈ ಚಾಚಿದ. ಕೂಸು ಅವನ ಟೋಪಿ, ಬಕಲು ನೋಡಿ ಹೆದರಿ, ಚೀರಿಕೊಂಡು ತಾಯಿಯ ಕುತ್ತಿಗೆ ಅಪ್ಪಿಕೊಂಡಿತು. ಎಷ್ಟು ಮುದ್ದು ಮಾಡಿದರೂ ಹೋಗಲಿಲ್ಲ. ಅವನು ಅದರ ಅಂಗಾಲು ಹಿಡಿದುಕೊಂಡು ನಿಂತ, ಅಷ್ಟೇ. ಸುತ್ತ ನೋಡಿ, "ಅಪ್ಪ ಎಲ್ಲಿ?" ಅಂದ.

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು. "ಪರಸ್ತಾನದ್ ಗಂಟು ಇಂದೇ ಉಳ್ಕಂಡ್ಬುಡ್ತು. ಅದುನ್ನ ಬುಟ್ಟು ಬಂದ್ರೆ ನಿಮ್ಗಾಗಾಕಿಲ್ಲ ಅಂತ ಆಸ್ನದಿಂದ ಇಂದಕ್ಕೋದ್ರು. ನೀವು ತಿರ್ಗಾ ಬರ್ಲಿ ಅಂತ."

ಸಣ್ಣೇಗೌಡ ಹುರಿಗಾಳಿನ ಚೀಲ ಬಿಚ್ಚಿ ಎರಡು ಜೇಬಿಗೂ ತುಂಬಿಕೊಂಡ, ಮಕ್ಕಳು ತುಂಬಿಕೊಳ್ಳೋ ಹಾಗೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಒಳಗಿನಿಂದ ಯಾರೋ ಕೂಗಿದರು. "ನಾ ಬತ್ತೀನಿ ಅಂತ ಅಪ್ಪಂಗೇಳು" ಅಂದು ಹೋದ.

ವಾಪಸ್ಸು ಬಂದಾಗ ಗೌಡರು ಅರಸೀಕೆರೆ ಸ್ಟೇಷನ್ನಿನಲ್ಲೇ ಕಾದಿದ್ದರು. ಮೊದಲು ಕೂಸನ್ನು ಎತ್ತಿಕೊಂಡರು. "ನನ್ ಮಗ ಎಂಗವ್ನೆ?" ಅಂದರು. ಚೆನ್ನಾಗಿದ್ದಾನೆ, ಮೊದಲು ಕೇಳಿದ್ದೇ ನಿಮ್ಮನ್ನ ಅಂದೆ. "ಕೂಸು ಅವ್ನತ್ರ ಓಯ್ತೇನವ್ವ?" ಅಂತ ಸೊಸೆಯನ್ನು ಕೇಳಿದರು. "ಊಂ ಮಾವ, ನಗ್ತಾ ಓಯ್ತು" ಅಂದಳು ಲಚ್ಚಮ್ಮ. ನಾನು ಜನರ ಸಾಮಾನು ಇಳಿಸೋಕೆ ಹೋದೆ.

ಆವತ್ತು ಹಾಸನದಿಂದ ತಿರುಗಿ ಹೋದ ಮೇಲೆ ಅವರು ಏನು ಮಾಡಿದರು ಅನ್ನೋದನ್ನು ನನಗೆ ಪೈಗಳು ಹೇಳಿದ್ದು, ಮುಂದಿನ ಪ್ರವಾಸಕ್ಕೆ ಹೋದಾಗ. ಗೌಡರು ಗಂಟು ತೆಗೆದುಕೊಂಡು, ಆಲೂಗೆಡ್ಡೆ ಲಾರಿ ಹತ್ತಿ, ಬುಧವಾರ ಬಿಸಿಲೇರಿದ ಮೇಲೆ ಮಂಗಳೂರಿನ ದಕ್ಕೆಗೆ ಬಂದಿದ್ದರು. "ಹಡಗು ಹೋಗಿ ಆಗಿತ್ತು ಮಾರಾಯ್ರೆ. ಹೊಗೆ ಮಾತ್ರ ಕಾಣ್ತಾ ಇತ್ತು. ಅಜ್ಜ ಅದು ಕಾಣುವಷ್ಟು ಹೊತ್ತು ನಿಂತು ನೋಡಿದರು. ಎಂತ ಹೇಳುವುದು ನಾನು?" ಅಂದರು ಪೈಗಳು. ಗಂಟನ್ನು ಮನೆಗೆ ತಿರುಗಿ ಒಯ್ಯುವ ಹಾಗಿಲ್ಲ. ಇಲ್ಲೇ ಇರ್ಲಿ, ನನ್ನ ಮಗ ಬಂದು ಎತ್ಕತಾನೆ ಅಂತ ಪೈಗಳ ಆಫೀಸಿನ ಗೋಡೆ ಗೂಡಿನಲ್ಲಿ ತಾವೇ ಕೈಯಾರೆ ಇಟ್ಟು, ಕೈಮುಗಿದು, ಸಂಜೆಯ ಬಸ್ಸಿಗೆ ಹೋಗಿದ್ದರು. ಪೈಗಳು ಅದನ್ನು ಯಾರಿಗೂ ಮುಟ್ಟೋಕೆ ಬಿಟ್ಟಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಜವರೇಗೌಡರಿಗೆ ಜ್ವರ ಬಂತು. ಒಂದು ವಾರವೂ ಇರಲಿಲ್ಲ. ಬಷೀರ್ ಸಾಬರು ಆ ಹಳ್ಳಿಯವರೆಗೂ ಹೋಗಿ ಮಣ್ಣು ಹಾಕಿ ಬಂದರು. ಬಂದು ನನ್ನ ಎದುರಿಗೆ ಕೂತು, "ಒಂದು ನಿಮಿಷ ನಿಲ್ಲಿಸಬಹುದಿತ್ತು ಮರಿಯಪ್ಪನವರೇ" ಅಂದರು. ನಾನು ಹೇಳಿದ್ದನ್ನೇ ಅವರು ಮಾಡಿದ್ದು. ಹಾಗಂತ ಅವರಿಗೆ ಹೇಳಿದೆ, ಅದರಿಂದ ಅವರಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ.

ಸಣ್ಣೇಗೌಡ ವಾಪಸ್ಸು ಬಂದ. ಮೈಮೇಲೆ ಒಂದು ಗೀರೂ ಇಲ್ಲದೆ ಬಂದ. ಊರಿಗೆ ಹೋಗಿ, ತಂದೆಯನ್ನು ಹೂತ ಗುಡ್ಡೆಗೆ ನೀರು ಬಿಟ್ಟು, ಒಂದು ದಿನ ನಮ್ಮ ಆಫೀಸಿಗೆ ಬಂದು ನಿಂತ. "ಅಪ್ಪ ಎಲ್ಲಿ ಇಳುದ್ರು ಸಾ?" ಅಂದ. ಆಫೀಸಿನ ಮುಂದಿನ ಜಾಗ ತೋರಿಸಿದೆ. ಅದನ್ನು ನೋಡಿದ. "ನಂಗೂ ಮಂಗ್ಳೂರಿಗೆ ಒಂದು ಸೀಟು ಕೊಡಿ" ಅಂದ. ಆ ವಾರ ನಮ್ಮ ಜನರನ್ನು ಹಡಗಿಗೆ ಹತ್ತಿಸೋಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಅವನನ್ನು ಕೂರಿಸಿಕೊಂಡೆ.

ಆ ಸಲ ನಾನು ಹಡಗಿನಲ್ಲಿ ಹೋಗಲಿಲ್ಲ. ಜನರನ್ನು ದೋಣಿ ಹತ್ತಿಸಿ, ಬೆಳಿಗ್ಗೆ ಹಡಗು ಹೋದದ್ದು ನೋಡಿಕೊಂಡು, ಖಾಲಿ ಬಸ್ಸಿನಲ್ಲಿ ವಾಪಸ್ಸು ಹೊರಡೋದು ಅಂತ ಏರ್ಪಾಡು. ಹೊರಡುವ ಮುಂಚೆ ಪೈಗಳ ಆಫೀಸಿಗೆ ಹೋದೆವು. ಪೈಗಳು ಗೋಡೆಯ ಗೂಡು ತೋರಿಸಿ ಪಕ್ಕಕ್ಕೆ ಸರಿದರು. ಸಣ್ಣೇಗೌಡ ಚಪ್ಪಲಿ ಬಿಟ್ಟು ಹೋಗಿ ಗಂಟು ಎತ್ತಿಕೊಂಡ. ಅಕ್ಕಿಗೆ ಹುಳ ಬಿದ್ದು ಪುಡಿಯಾಗಿತ್ತು, ಅಡಿಕೆ ಟೊಳ್ಳಾಗಿತ್ತು. ದಕ್ಕೆಯ ಅಂಚಿಗೆ ಹೋಗಿ ಅದನ್ನೆಲ್ಲ ನೀರಿಗೆ ಬಿಟ್ಟ. ಟವಲ್ಲನ್ನು ಒಂದೆರಡು ಸಲ ಕೊಡವಿ, ಅಪ್ಪ ಹಾಕಿಕೊಳ್ಳುತ್ತಿದ್ದ ಹಾಗೇ ಎಡಹೆಗಲ ಮೇಲೆ ಹಾಕಿಕೊಂಡು, ಸಮುದ್ರದ ಕಡೆ ನೋಡುತ್ತ ನಿಂತುಕೊಂಡ.

ಘಾಟಿ ಹತ್ತುವ ಗೇಟಿಗೆ ಹೊತ್ತಾಗುತ್ತಿತ್ತು. ಬಷೀರ್ ಸಾಬರು ಸ್ಟೀರಿಂಗಿನ ಮುಂದೆ ಕೂತಿದ್ದರು, ಹಾರನ್ ಮಾಡಲಿಲ್ಲ. ನಾನೂ ಕರೆಯಲಿಲ್ಲ. ಆವತ್ತು ಗೇಟು ತಪ್ಪಿಹೋಯಿತು, ರಾತ್ರಿ ಘಾಟಿಯ ಕೆಳಗೇ ಉಳಿದುಕೊಂಡೆವು.